ಪುಕ್ಕದಿಂದ ಸೂರಕ್ಕಿಯ ಗುರುತು



ಆದಿ ಉಡುಪಿಯ ಮಾರುಕಟ್ಟೆಗೆ ಬಾಳೆಗೊನೆ ತಂದಿದ್ದ ಕೃಷಿಕರೊಬ್ಬರು ಕಾಗದದಲ್ಲಿ ಮಡಚಿಟ್ಟಿದ್ದ ಚಿಕ್ಕ ಪುಕ್ಕವೊಂದನ್ನು ನನಗೆ ತೋರಿಸಿದರು. "ಇದು ಹಮ್ಮಿಂಗ್ ಬರ್ಡಿನದಲ್ಲವೇ? ನಮ್ಮ ಮಾವಿನ ಮರಕ್ಕೆ ಬಂದಳಿಕೆ ತರುವುದು ಇದೇ ಹಕ್ಕಿ. ಕವಣೆ ಕಲ್ಲಿನಿಂದ ಹೊಡೆಯಬೇಕೆಂದಿದ್ದೇನೆ" ಎಂದರು. ಎರಡೂ ಪ್ರಶ್ನೆಗಳಿಗೆ ಆ ಪುಕ್ಕದಲ್ಲೇ ಉತ್ತರವಿತ್ತು.

ಹಮ್ಮಿಂಗ್ ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ನಮ್ಮ ತೋಟದಲ್ಲಿ ಹೂವಿನ ಮಧು ಹೀರುವ ಬಾಗಿದ ಕೊಕ್ಕಿನ ಹಕ್ಕಿ ಸೂರಕ್ಕಿ. ಇವೆರಡೂ ಬೇರೆ ಬೇರೆ ವಂಶದವು. ಹಮ್ಮಿಂಗ್ ಬರ್ಡ್‌ಗೆ ಬಾಲದ ಗರಿಗಳು 10, ಸೂರಕ್ಕಿಗೆ 12. ಸಂಜೆ ಹೂವಿನ ಮುಂದೆ ರೆಕ್ಕೆ ಬಡಿಯುತ್ತಾ ನಿಲ್ಲುವ ದೊಡ್ಡ ಪತಂಗವನ್ನೂ ಕೆಲವರು ಹಮ್ಮಿಂಗ್ ಬರ್ಡ್ ಎನ್ನುವುದುಂಟು. ಮುಟ್ಟಿದಾಗ ಬೆರಳಿಗೆ ಪುಡಿ ಅಂಟಿದರೆ ಅದು ಪತಂಗದ ರೆಕ್ಕೆ, ಪುಕ್ಕವಲ್ಲ.

ಪುಕ್ಕವನ್ನು ಪರೀಕ್ಷಿಸುವ ಕ್ರಮ ಸುಲಭ. ಬಿಸಿಲಿಗೆ ಹಿಡಿದು ಮೆಲ್ಲನೆ ಓರೆ ಮಾಡಿ. ಬಣ್ಣ ಹಸಿರಿನಿಂದ ನೀಲಿಗೆ ತಿರುಗಿದರೆ ಅಥವಾ ಕಪ್ಪಾದರೆ ಅದು ಬಣ್ಣದ ದ್ರವ್ಯದಿಂದ ಬಂದುದಲ್ಲ. ಪುಕ್ಕದ ತುದಿಯಲ್ಲಿರುವ ಅತಿ ತೆಳುವಾದ ಪದರಗಳು ಬೆಳಕನ್ನು ಒಡೆದು ತೋರಿಸುವ ಹೊಳಪು. ಸಾಬೂನಿನ ಗುಳ್ಳೆಯಲ್ಲಿ ಕಾಣುವುದೂ ಇದೇ. ಹಳದಿ ಪುಕ್ಕ ಹಾಗಲ್ಲ, ಯಾವ ಕಡೆಯಿಂದ ನೋಡಿದರೂ ಹಳದಿಯೇ.

ಕರಾವಳಿಯ ನಾಲ್ಕು ಬಗೆಯ ಸೂರಕ್ಕಿಗಳಲ್ಲಿ ಗಂಡುಗಳ ಗುರುತು ಹೀಗಿದೆ:

1. ನೇರಳೆ ಪೃಷ್ಠದ ಸೂರಕ್ಕಿ: ನೆತ್ತಿ ಹೊಳೆಯುವ ಹಸಿರು, ಗಂಟಲು ಮತ್ತು ಬಾಲದ ಬುಡ ಹೊಳೆಯುವ ನೇರಳೆ, ಹೊಟ್ಟೆ ಹಳದಿ.

2. ನೇರಳೆ ಸೂರಕ್ಕಿ: ಮರಿ ಮಾಡುವ ಕಾಲದಲ್ಲಿ ಮೈಯೆಲ್ಲ ಹೊಳೆಯುವ ನೀಲಿಗಪ್ಪು. ಆ ಕಾಲ ಮುಗಿದ ಮೇಲೆ ಪುಕ್ಕ ಉದುರಿ, ಹಳದಿ ಹೊಟ್ಟೆಯ ನಡುವೆ ಕಪ್ಪು ಗೆರೆ ಮಾತ್ರ ಉಳಿಯುತ್ತದೆ.

3. ಲೋಟನ್ ಸೂರಕ್ಕಿ: ನೇರಳೆ ಸೂರಕ್ಕಿಯಂತೆಯೇ ಕಾಣುತ್ತದೆ. ಆದರೆ ಹೊಟ್ಟೆ ಹೊಳಪಿಲ್ಲದ ಕಂದು, ಕೊಕ್ಕು ಹೆಚ್ಚು ಉದ್ದ.

4. ಕಿರು ಸೂರಕ್ಕಿ: ಬೆನ್ನು ಕಡುಗೆಂಪು. ಪಶ್ಚಿಮ ಘಟ್ಟ ಮತ್ತು ಅದರ ತಪ್ಪಲಿನ ಹಕ್ಕಿ. ಕಾರ್ಕಳದ ಕಡೆ ನೋಡಿ.

ಹೆಣ್ಣುಗಳ ಪುಕ್ಕ ಮಾಸಲು. ಒಂದೇ ಪುಕ್ಕದಿಂದ ಅವುಗಳ ಜಾತಿ ಹೇಳಲಾಗದು.

ಪುಕ್ಕಗಳು ರಾಶಿಯಾಗಿ ಬಿದ್ದಿದ್ದರೆ ಬುಡ ನೋಡಿ. ದಂಟು ತುಂಡಾಗಿದ್ದರೆ ಬೆಕ್ಕಿನಂಥ ಪ್ರಾಣಿಯ ಕೆಲಸ. ಬುಡಸಮೇತ ಕಿತ್ತಿದ್ದರೆ ಬೇಟೆ ಹಕ್ಕಿಯದು. ಒಂದೆರಡೇ ಇದ್ದರೆ ಬಹುಶಃ ತಾನಾಗಿ ಉದುರಿದವು.

ಈಗ ಬಂದಳಿಕೆಯ ವಿಷಯ. ಸೂರಕ್ಕಿ ಬಂದಳಿಕೆ ಹೂವಿನ ಮಧು ಕುಡಿದು ಪರಾಗಸ್ಪರ್ಶ ಮಾಡುವುದು ನಿಜ. ಆದರೆ ಹಣ್ಣು ತಿಂದು ಅಂಟು ಬೀಜವನ್ನು ಕೊಂಬೆಗೆ ಮೆತ್ತುವುದು ಮುಖ್ಯವಾಗಿ ಬದನಿಕೆ ಹಕ್ಕಿ. ನಮ್ಮ ತೋಟಗಳಲ್ಲಿ ಸಾಮಾನ್ಯವಾದ ಬದನಿಕೆ ಹಕ್ಕಿಯ ಪುಕ್ಕ ಬರೀ ಮಾಸಲು ಬೂದುಗಂದು; ಓರೆ ಮಾಡಿದರೂ ಹೊಳೆಯದು. ಆ ಕೃಷಿಕರ ಪುಕ್ಕ ಹಸಿರಾಗಿ ಹೊಳೆಯಿತು. ಬೀಜ ಮೆತ್ತಿದ ಅಪರಾಧ ಅದರ ಹಕ್ಕಿಯದಾಗಿರಲಿಲ್ಲ.

ಹಾಗೆಂದು ಬದನಿಕೆ ಹಕ್ಕಿಯನ್ನೂ ಹೊಡೆಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇವೆರಡಕ್ಕೂ ರಕ್ಷಣೆ ನೀಡಿದೆ. ಒಂದು ಹಕ್ಕಿ ಸತ್ತರೂ ಮರದ ಮೇಲಿನ ಬಂದಳಿಕೆ ಸಾಯದು. ಅದರ ಹಣ್ಣಿಗೆ ಇನ್ನೊಂದು ಹಕ್ಕಿ ಬಂದೇ ಬರುತ್ತದೆ. ಬಂದಳಿಕೆ ಹಣ್ಣಾಗುವ ಮೊದಲೇ, ಅದು ಅಂಟಿದ ಜಾಗಕ್ಕಿಂತ ಕೆಳಗೆ ಕೊಂಬೆಯನ್ನು ಕತ್ತರಿಸಿ ತೆಗೆಯಿರಿ. ಬರೀ ಎಲೆ ಸವರಿದರೆ ಬೇರಿನಿಂದ ಮತ್ತೆ ಚಿಗುರುತ್ತದೆ. ನೆರೆಯ ತೋಟದವರೂ ಜೊತೆಯಲ್ಲಿ ಕತ್ತರಿಸಿದರೆ ಫಲ ಹೆಚ್ಚು.

ಸೂರಕ್ಕಿ ತನ್ನ ಮರಿಗಳಿಗೆ ಉಣಿಸುವುದು ಹುಳು ಮತ್ತು ಜೇಡಗಳನ್ನು. ಆದ್ದರಿಂದ ಹೂ ಬಿಟ್ಟ ಗಿಡಗಳಿಗೆ ಅನವಶ್ಯಕವಾಗಿ ಕೀಟನಾಶಕ ಸಿಂಪಡಿಸಬೇಡಿ. ಕವಣೆಯನ್ನು ಕೆಳಗಿಟ್ಟು ಕತ್ತಿಯನ್ನು ಕೈಗೆತ್ತಿಕೊಳ್ಳಿ. ಮಾವು ಉಳಿಯುತ್ತದೆ, ಹಕ್ಕಿಯೂ ಉಳಿಯುತ್ತದೆ.