ಆಗರದ ಕೆಂಪು ನೀರಿನೊಳಗೆ

ಉಪ್ಪಿನ ಆಗರವೆಂದರೆ ಒಂದು ಕೊಳವಲ್ಲ, ಕೊಳಗಳ ಸಾಲು. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಾಗಲಿ, ಸ್ಪೇನ್ ಕರಾವಳಿಯ ಸಾಂತಾ ಪೋಲಾದಲ್ಲಾಗಲಿ, ಕೆಲಸದ ಕ್ರಮ ಒಂದೇ. ಉಪ್ಪುನೀರನ್ನು ಒಳಕ್ಕೆ ಬಿಟ್ಟುಕೊಂಡು ಬಿಸಿಲಿಗೆ ಆರಲು ಬಿಡುತ್ತಾರೆ. ಗಟ್ಟಿಯಾದಂತೆಲ್ಲ ಮುಂದಿನ ಕೊಳಕ್ಕೆ ಹರಿಸುತ್ತಾರೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇದ್ದರೆ, ಹರಳು ಕಟ್ಟುವ ಕೊನೆಯ ಕೊಳದಲ್ಲಿ ಅದು 300 ಗ್ರಾಂ ದಾಟಿರುತ್ತದೆ. ಮೀನು ಮೊದಲ ಕೊಳಗಳಲ್ಲೇ ನಿಂತುಬಿಡುತ್ತದೆ. ಮುಂದಕ್ಕೆ ಹೋದಂತೆ ನೀರು ಹಸಿರಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ತಿರುಗುತ್ತದೆ. ಈ ಬಣ್ಣ ಮಣ್ಣಿನದೂ ಅಲ್ಲ, ಉಪ್ಪಿನದೂ ಅಲ್ಲ; ಅಲ್ಲಿ ಬದುಕಿರುವ ಸೂಕ್ಷ್ಮಜೀವಿಗಳದ್ದು.

ಉಪ್ಪು ಜೀವಕ್ಕೆ ಮಾಡುವ ತೊಂದರೆ ಏನೆಂದು ಮೊದಲು ತಿಳಿದುಕೊಳ್ಳೋಣ. ಮಾವಿನ ಮಿಡಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಮಿಡಿ ನೀರು ಬಿಟ್ಟು ಸುಕ್ಕಾಗುತ್ತದೆ. ಹೊರಗಿನ ಉಪ್ಪು ಒಳಗಿನ ನೀರನ್ನು ಎಳೆದುಕೊಳ್ಳುವುದೇ ಇದಕ್ಕೆ ಕಾರಣ. ಆಗರದ ನೀರಿಗೆ ಬಿದ್ದ ಒಂದೊಂದು ಜೀವಕೋಶಕ್ಕೂ ಇದೇ ಗತಿ. ಬದುಕಬೇಕಾದರೆ ಹೊರಗಿನ ಎಳೆತಕ್ಕೆ ಸಮನಾದದ್ದೇನಾದರೂ ಕೋಶದೊಳಗೆ ಇರಬೇಕು.

ಡ್ಯುನಾಲಿಯೆಲ್ಲಾ ಎಂಬ ಪಾಚಿ ಇದಕ್ಕೆ ಗ್ಲಿಸರಿನ್ ತಯಾರಿಸಿ ಒಳಗೆ ತುಂಬಿಕೊಳ್ಳುತ್ತದೆ. ಕೆಮ್ಮಿನ ಸಿರಪ್ಪಿಗೂ ಸೋಪಿಗೂ ಬಳಸುವ ಗ್ಲಿಸರಿನ್ನೇ ಅದು. ಉಪ್ಪನ್ನು ಹೊರಗೇ ತಡೆದು ನೀರನ್ನು ಒಳಗೆ ಹಿಡಿದಿಡುವ ಉಪಾಯ. ಸುಡುಬಿಸಿಲಿನಿಂದ ಕಾಪಾಡಿಕೊಳ್ಳಲು ಈ ಪಾಚಿ ಬೀಟಾ-ಕ್ಯಾರೊಟಿನ್ ಅನ್ನೂ ಕೂಡಿಹಾಕುತ್ತದೆ, ಹಾಗಾಗಿ ಹಸಿರು ಪಾಚಿ ಕಿತ್ತಳೆಯಾಗಿ ಕಾಣುತ್ತದೆ.

ಕೊನೆಯ ಕೊಳದ ನಿವಾಸಿಗಳು ಹಿಡಿದ ದಾರಿ ಬೇರೆ. ಇವುಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾಗಳಲ್ಲ, ಆರ್ಕಿಯಾಗಳು. ಕಾರ್ಲ್ ವೋಸ್ ಮತ್ತು ಸಂಗಡಿಗರು 1977ರಲ್ಲಿ ಬ್ಯಾಕ್ಟೀರಿಯಾಗಳಿಂದ ಬೇರ್ಪಡಿಸಿ ತೋರಿಸಿದ ಗುಂಪು ಇದು. ಇವು ಉಪ್ಪನ್ನು ತಡೆಯುವ ಗೋಜಿಗೇ ಹೋಗದೆ, ಪೊಟ್ಯಾಸಿಯಂ ಲವಣವನ್ನು ಕೋಶದೊಳಗೇ ತುಂಬಿಕೊಳ್ಳುತ್ತವೆ. ನಮ್ಮ ಮೈಯ ಪ್ರೋಟೀನುಗಳು ಅಷ್ಟು ಉಪ್ಪಿನಲ್ಲಿ ಮುದ್ದೆಗಟ್ಟುತ್ತವೆ. ಇವುಗಳ ಪ್ರೋಟೀನುಗಳೋ, ಉಪ್ಪಿಲ್ಲದಿದ್ದರೆ ಕೆಲಸವನ್ನೇ ಮಾಡುವುದಿಲ್ಲ. ಪ್ರಯೋಗಶಾಲೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಇದೇ ಗುಂಪಿನ ಹ್ಯಾಲೊಬ್ಯಾಕ್ಟೀರಿಯಂ ಅನ್ನು ಬೆಳೆಸಿದ ಕೆಂಪು, ಮಬ್ಬು ದ್ರವಕ್ಕೆ ಸಿಹಿನೀರು ಸುರಿಯಿರಿ. ಮಬ್ಬು ಕರಗಿ ದ್ರವ ತಿಳಿಯಾಗುತ್ತದೆ, ಕೆಂಪು ಮಾತ್ರ ಉಳಿಯುತ್ತದೆ. ಕೋಶಗಳೆಲ್ಲ ಒಡೆದು ಒಳಗಿನ ಡಿಎನ್‌ಎ ಹೊರಬಂದು ದ್ರವ ಲೋಳೆಯಾಗುತ್ತದೆ. ನಮಗೆ ಜೀವಜಲವಾದದ್ದು ಇವುಗಳಿಗೆ ಮೃತ್ಯು. ಇಡೀ ವಿಷಯದಲ್ಲಿ ನನಗೆ ಅತಿ ಸೋಜಿಗವೆನಿಸುವುದು ಇದೇ. ಉಪ್ಪನ್ನು ಇವು ಸಹಿಸಿಕೊಂಡಿಲ್ಲ. ಅದಿಲ್ಲದೆ ಇರಲಾರದಂತೆ ಆಗಿಬಿಟ್ಟಿವೆ.

ಇವುಗಳಲ್ಲೊಂದರ ಆಕಾರವನ್ನಂತೂ ಹೇಳಲೇಬೇಕು. 1980ರಲ್ಲಿ ಆಂಥನಿ ವಾಲ್ಸ್‌ಬಿ ಸೈನಾಯ್ ತೀರದ ಉಪ್ಪುನೀರಿನ ಹೊಂಡದಲ್ಲಿ ಚೌಕಾಕಾರದ ಜೀವಿಯನ್ನು ಕಂಡರು. ತೆಳ್ಳಗೆ, ಚಪ್ಪಟೆಯಾಗಿ, ನಾಲ್ಕು ಮೂಲೆಗಳೊಂದಿಗೆ. ಅದರೊಳಗಿನ ಗಾಳಿಗುಳ್ಳೆಗಳು ಬೆಳಕಿನಲ್ಲಿ ಹೊಳೆಯುತ್ತಿದ್ದವು. ಪ್ರಯೋಗಶಾಲೆಯಲ್ಲಿ ಅದನ್ನು ಬೆಳೆಸಲು 2004ರವರೆಗೆ ಕಾಯಬೇಕಾಯಿತು. ಸಾಂತಾ ಪೋಲಾದ ಕೊನೆಯ ಕೊಳಗಳಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ಇದೇ ಚೌಕ ಜೀವಿ. ಅದರ ಜೊತೆಗೆ ಸಾಲಿನಿಬ್ಯಾಕ್ಟರ್ ಎಂಬ ಕೆಂಪು ಬ್ಯಾಕ್ಟೀರಿಯವೂ ಇದೆ. 2002ರಲ್ಲಿ ಅದಕ್ಕೆ ಹೆಸರಿಟ್ಟ ಮೇಲೆ, ಕೊನೆಯ ಕೊಳ ಆರ್ಕಿಯಾಗಳ ಸ್ವತ್ತು ಎಂಬ ಎಣಿಕೆಯನ್ನು ತಿದ್ದಿಕೊಳ್ಳಬೇಕಾಯಿತು.

ಇವುಗಳಿಗೆ ಊಟ ಎಲ್ಲಿಂದ? ಬಹುಪಾಲು ಡ್ಯುನಾಲಿಯೆಲ್ಲಾದಿಂದಲೇ. ಪಾಚಿಯಿಂದ ಸೋರುವ, ಅದು ಸತ್ತಾಗ ಚೆಲ್ಲುವ ಗ್ಲಿಸರಿನ್ ಇವುಗಳ ಆಹಾರ. ಆ ಆಹಾರದಿಂದ ಶಕ್ತಿ ಪಡೆಯಲು ಆಮ್ಲಜನಕ ಬೇಕು, ಉಪ್ಪು ಹೆಚ್ಚಿದ ನೀರಿನಲ್ಲಿ ಅದು ಕಡಿಮೆ. ಅದಕ್ಕೂ ಕೆಲವಕ್ಕೆ ಬೇರೆ ಏರ್ಪಾಡಿದೆ. ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ನೇರಳೆ ಪ್ರೋಟೀನು ಬಿಸಿಲನ್ನು ಹೀರಿ ನೇರವಾಗಿ ಶಕ್ತಿಯಾಗಿಸುತ್ತದೆ. 1971ರಲ್ಲಿ ಪತ್ತೆಯಾದ ಈ ಪ್ರೋಟೀನಿನಲ್ಲಿ ಬೆಳಕು ಹಿಡಿಯುವ ಭಾಗ ರೆಟಿನಲ್. ನೀವು ಈ ಅಕ್ಷರಗಳನ್ನು ಓದುತ್ತಿರುವುದೂ ನಿಮ್ಮ ಕಣ್ಣಿನಲ್ಲಿರುವ ಅದೇ ರೆಟಿನಲ್‌ನಿಂದ. ಇಷ್ಟು ಉಪ್ಪಿನಲ್ಲಿ ಇವುಗಳನ್ನು ಹಿಡಿದು ತಿನ್ನುವ ಪ್ರಾಣಿಗಳು ಇಲ್ಲವೆಂದೇ ಹೇಳಬಹುದು. ವೈರಸ್‌ಗಳು ಮಾತ್ರ ಹೇರಳ. ಕೋಶಗಳಿಗಿಂತ ಅವುಗಳ ಸಂಖ್ಯೆಯೇ ಹೆಚ್ಚು.

ಉಪ್ಪು ತೆಗೆಯುವವರಿಗೂ ಇವುಗಳಿಂದ ಲಾಭವಿದೆ. ಕೆಂಪು ನೀರು ಬಿಸಿಲನ್ನು ಹೆಚ್ಚು ಹೀರಿ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಆದರೆ ಹಿಂದಿನ ಕೊಳಗಳಲ್ಲಿ ಲೋಳೆ ಬಿಡುವ ಸಯನೋಬ್ಯಾಕ್ಟೀರಿಯಾ ಅತಿಯಾದರೆ ನೀರು ಮಂದವಾಗಿ ಹರಳು ಸಣ್ಣದಾಗುತ್ತದೆ. ಆರ್ಟೀಮಿಯ ಎಂಬ ಸಣ್ಣ ಸಿಗಡಿಯಂಥ ಪ್ರಾಣಿ ಅಂಥ ಕೊಳಗಳಲ್ಲಿ ಪಾಚಿ, ಬ್ಯಾಕ್ಟೀರಿಯಾಗಳನ್ನು ಸೋಸಿ ತಿಂದು ನೀರನ್ನು ತಿಳಿಗೊಳಿಸುತ್ತದೆ.

ಹರಳು ಕಟ್ಟುವಾಗ ಅದರೊಳಗೆ ನೀರಿನ ಅತಿ ಸಣ್ಣ ಹನಿಗಳು ಸಿಕ್ಕಿಕೊಳ್ಳುತ್ತವೆ. ಒಡೆಯದ ದಪ್ಪ ಹರಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಅವು ಸಾಲುಸಾಲಾಗಿ ಕಾಣುತ್ತವೆ. ಆ ಹನಿಗಳಲ್ಲಿ ಆರ್ಕಿಯಾಗಳು ಬಹುಕಾಲ ಜೀವ ಹಿಡಿದಿರಬಲ್ಲವು. ಕರಾವಳಿಯ ಮನೆಗಳಲ್ಲಿ ಉಪ್ಪು ಹಚ್ಚಿದ ಮೀನು ಸೆಕೆಗಾಲದಲ್ಲಿ ಕೆಲವೊಮ್ಮೆ ಕೆಂಪಗಾಗಿ ನಾರುವುದಕ್ಕೆ ಅವುಗಳೇ ಕಾರಣ. ಆಗರದಿಂದ ಉಪ್ಪಿನ ಜೊತೆಗೇ ಬಂದು, ತೇವವೂ ಸೆಕೆಯೂ ಸಿಕ್ಕೊಡನೆ ಬೆಳೆಯುತ್ತವೆ. ಇನ್ನಷ್ಟು ಉಪ್ಪು ಹಚ್ಚಿದರೆ ಅವು ಸಾಯುವುದಿಲ್ಲ. ಮೀನನ್ನು ಚೆನ್ನಾಗಿ ಒಣಗಿಸಿ ತಂಪಿನಲ್ಲಿಟ್ಟರೆ ಅವುಗಳ ಬೆಳವಣಿಗೆ ನಿಲ್ಲುತ್ತದೆ.