ಮಳೆ ನಿಂತ ಮೇಲೆ ನೆನೆದ ಗೋಡೆಯ ಆರೈಕೆ



ನಮ್ಮದು ಬರದ ಸೀಮೆ ಅಂತಲೇ ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ಆದರೆ 2021ರ ನವೆಂಬರ್ ಮಳೆಗೆ ಕೋಲಾರ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದವು, ಮಣ್ಣಿನ ಮನೆಗಳೂ ಬಿದ್ದವು. ಕೆರೆ ನೋಡಲು ಓಡುವ ಮುಂಚೆ ಮನೆ ಗೋಡೆಯನ್ನು ಒಮ್ಮೆ ನೋಡೋಣ.

ಮಳೆ ಸುರಿಯುವಾಗಲೇ ಗೋಡೆ ಬೀಳುತ್ತದೆ ಅಂತಿಲ್ಲ. ಬಿಸಿಲು ಬಂದು ಹೊರಗೆ ಒಣಗಿದಂತೆ ಕಂಡರೂ ಗೋಡೆಯ ಬುಡ ಒಳಗೆ ಮೆತ್ತಗೇ ಇರುತ್ತದೆ, ಮೇಲೆ ಚಪ್ಪಡಿಯ ಇಲ್ಲವೇ ಹೆಂಚಿನ ಭಾರ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಹೊಸ ಬಿರುಕು ಕಂಡರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಆ ರಾತ್ರಿ ಅಲ್ಲಿ ಯಾರೂ ಮಲಗಬಾರದು. ಮಕ್ಕಳನ್ನೂ ವಯಸ್ಸಾದವರನ್ನೂ ನೆರೆಮನೆಗೋ ಶಾಲೆಗೋ ಕಳಿಸಿ. ಪಾತ್ರೆ-ಪಡಗ ಆಮೇಲೆ. ಸ್ವಿಚ್ ಬೋರ್ಡ್ ನೆನೆದಿದ್ದರೆ ಮುಟ್ಟಬೇಡಿ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಇನ್ನು ರಿಪೇರಿ ಮಾತು. ಗೋಡೆ ನೆನೆಯಿತು ಅಂದರೆ ಸಂಘದಲ್ಲಿ ಸಾಲ ಎತ್ತಿ ಸಿಮೆಂಟ್ ಗಾರೆ ಹಾಕಿಸುವ ಆತುರ ಬಹಳ ಜನಕ್ಕೆ. ಮಣ್ಣಿನ ಗೋಡೆಗೆ ಇದು ದುಡ್ಡು ಕೊಟ್ಟು ತರುವ ತೊಂದರೆ. ಮಣ್ಣಿನ ಗೋಡೆ ದೀಪದ ಬತ್ತಿಯ ಹಾಗೆ ನೆಲದಿಂದ ನೀರು ಎಳೆದುಕೊಳ್ಳುತ್ತದೆ, ಮೈಯಿಂದ ಆರಿಸಿಕೊಳ್ಳುತ್ತದೆ. ಸಿಮೆಂಟ್ ಬಳಿದರೆ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಅದು ಇನ್ನೂ ಮೇಲಕ್ಕೆ ಏರುತ್ತದೆ, ಬಿಳಿ ಉಪ್ಪು ಒಡೆಯುತ್ತದೆ, ಗಾರೆ ಹಪ್ಪಳದಂತೆ ಏಳುತ್ತದೆ. ಸಾಲದ ಕಂತು ಮಾತ್ರ ಉಳಿಯುತ್ತದೆ.

ಮೊದಲು ನೀರಿಗೆ ದಾರಿ ಮಾಡಿ. ಗೋಡೆಗೆ ಒರಗಿದ ಮಣ್ಣುಗುಡ್ಡೆ, ತಿಪ್ಪೆ ತೆಗೆಯಿರಿ. ಸೂರಿನ ನೀರು, ಬಚ್ಚಲ ನೀರು ಬುಡಕ್ಕೆ ನಿಲ್ಲದಂತೆ ಇಳಿಜಾರು ಕೊಟ್ಟು ಚರಂಡಿ ಬಿಡಿ. ಇದಕ್ಕೆ ಗುದ್ದಲಿ ಸಾಕು, ಸಾಲ ಬೇಡ. ಹೆಂಗಸರು ನಾಲ್ಕು ಜನ ಸೇರಿದರೆ ಒಂದು ಬೆಳಿಗ್ಗೆಯ ಕೆಲಸ. (ಗಂಡಸರನ್ನೂ ಕರೆಯಿರಿ, ತಪ್ಪೇನಿಲ್ಲ.) ಆಮೇಲೆ ಕಿಟಕಿ ತೆರೆದು ಒಣಗಲು ಬಿಡಿ, ಇದಕ್ಕೆ ವಾರಗಳೇ ಬೇಕು. ಒಣಗಿದೆಯೋ ಇಲ್ಲವೋ ತಿಳಿಯಲು ಒಂದು ಮೊಳದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಮಾರನೇ ದಿನ ಒಳಮೈಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು. ಪೂರ್ತಿ ಒಣಗಿದ ಮೇಲೆ ಕೆಮ್ಮಣ್ಣಿಗೆ ಕತ್ತರಿಸಿದ ಹುಲ್ಲು ಕಲಸಿ ಮೆತ್ತಿ, ಸುಣ್ಣ ಬಳಿಯಿರಿ. ನಮ್ಮ ಅಜ್ಜಿಯರ ಪದ್ಧತಿಯೇ ಇಲ್ಲಿ ಸರಿ. ಮಾಲೂರಿನ ಸುಟ್ಟ ಇಟ್ಟಿಗೆಯ ಮನೆಯಾದರೆ ಸಿಮೆಂಟ್ ಆಗಬಹುದು, ಆದರೆ ಅದೂ ಒಣಗಿದ ಮೇಲೆಯೇ.

ಮುಳಬಾಗಿಲು, ಶ್ರೀನಿವಾಸಪುರದ ಒಳಹಳ್ಳಿಗಳಲ್ಲೂ ಈಗ ಫೋಟೋ ತೆಗೆಯುವ ಫೋನ್ ಇದೆ. ಬಿದ್ದ ಮಣ್ಣು ತೆಗೆಯುವ ಮುಂಚೆ ಒಳಗೆ, ಹೊರಗೆ ಫೋಟೋ ತೆಗೆಯಿರಿ. ಸರ್ಕಾರದ ಪರಿಹಾರಕ್ಕೆ ಮನೆ ಕನಿಷ್ಠ ಶೇ. 15ರಷ್ಟಾದರೂ ಹಾನಿಯಾಗಿರಬೇಕು. ಹಾನಿ ಎಷ್ಟೆಂದು ಅಳೆಯುವವರು ಬರುವಷ್ಟರಲ್ಲಿ ಗುಡಿಸಿ ಸಾರಿಸಿದ್ದರೆ ತೋರಿಸಲು ಏನೂ ಇರುವುದಿಲ್ಲ. ಗ್ರಾಮ ಆಡಳಿತಾಧಿಕಾರಿಗೆ (ಹಿಂದಿನ ಗ್ರಾಮ ಲೆಕ್ಕಿಗರು) ಕೂಡಲೇ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸಹಿ, ತಾರೀಖು ಹಾಕಿಸಿಕೊಳ್ಳಿ. ಬರೆಯಲು ಬಾರದವರಿಗೆ ಸಂಘದ ಪ್ರತಿನಿಧಿ ಅದೇ ದಿನ ಬರೆದುಕೊಡಲಿ.