ಮಳೆನಾಡಿನ ಚಳಿಗಾಲದ ಬರ: ಹಲಗೆ ಇಳಿಸುವ ಕಾಲ



2023ರಲ್ಲಿ ಸರ್ಕಾರವು ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತು. ಬಯಲುಸೀಮೆಯಲ್ಲಿ ಬರವೆಂದರೆ ಮಳೆಯ ಅಭಾವ. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಅದು ಬಹುಪಾಲು ತಡೆಯದ ನೀರಿನ ಅಭಾವ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆ, ಅಂದರೆ ಹೆಕ್ಟೇರಿಗೆ 4 ಕೋಟಿ ಲೀಟರ್. ಅದರ ಬಹುಭಾಗ ಸೆಪ್ಟೆಂಬರ್‌ನೊಳಗೆ ಸುರಿದು ಸಮುದ್ರ ಸೇರುತ್ತದೆ. ಮುರಕಲ್ಲಿನ ನೆಲ ಹೀರಿದ ನೀರೂ ಬೇಗನೆ ತೋಡಿಗೆ ಬಸಿದುಹೋಗುತ್ತದೆ. ಮೊದಲು ತೋಡು ಬತ್ತುತ್ತದೆ, ಬಳಿಕ ಬಾವಿ.

ಹಿರಿಯರು ಏಣೆಲು ಕೊಯ್ಲಿನ ಬಳಿಕ, ಹರಿವು ಇರುವಾಗಲೇ ಮಣ್ಣಿನ ಕಟ್ಟ ಕಟ್ಟಿ ಸುಗ್ಗಿ, ಕೊಳಕೆ ಬೆಳೆಗಳಿಗೆ ನೀರುಣಿಸುತ್ತಿದ್ದರು. ಕಿಂಡಿ ಅಣೆಕಟ್ಟಿಗೂ ನಿಯಮ ಅದೇ. ಒಂದು ವರ್ಷ ನನ್ನ ಕಡತ ತಡವಾಗಿ ಜನವರಿಯಲ್ಲಿ ಹಲಗೆ ಇಳಿಸಿದೆವು. ಮೊಣಕಾಲಷ್ಟೂ ನೀರು ನಿಲ್ಲಲಿಲ್ಲ. ಏಪ್ರಿಲ್‌ನಲ್ಲಿ ಟ್ಯಾಂಕರ್ ಕಳುಹಿಸಬೇಕಾಯಿತು.

ಆದುದರಿಂದ:

1. ಅಕ್ಟೋಬರ್ ಸಭೆಯಲ್ಲೇ ಕಿಂಡಿ, ಹಲಗೆಗಳ ಲೆಕ್ಕ ಪರಿಶೀಲಿಸಿ.
2. ಮಳೆ ಇಳಿದೊಡನೆ, ನವೆಂಬರ್‌ನಲ್ಲಿ, ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿಸಿ.
3. ಮೇ ಅಂತ್ಯದೊಳಗೆ ತೆಗೆಸಿ; ಇಲ್ಲವಾದರೆ ನೆರೆನೀರು ತೋಟಕ್ಕೆ ನುಗ್ಗೀತು.

ಚರ್ಚೆಗೆ: ನಮ್ಮ ಗ್ರಾಮದಲ್ಲಿ ಕಿಂಡಿ ಅಣೆಕಟ್ಟುಗಳೆಷ್ಟು? ಪ್ರತಿಯೊಂದರ ಹಲಗೆ ಇಳಿಸುವ ಹೊಣೆ ಯಾರದು?